ನೇರಳೆಗೆ ತಿರುಗಿದ ಹುತ್ತದ ಅಣಬೆ

"ಅಮ್ಮಾ, ನಮ್ಮ ಅಣಬೇನೂ ನೇರಳೆ ಆಯ್ತು!" ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಮಗಳು ಕೂಗಿದಳು. ಪ್ರೋಟೀನ್ ಇದ್ದರೆ ಪರೀಕ್ಷೆಯ ನೀಲಿ ದ್ರಾವಣ ನೇರಳೆ ಬಣ್ಣಕ್ಕೆ ತಿರುಗುತ್ತದಂತೆ. ಒಂದು ಕೊಳವೆಯಲ್ಲಿ ಮೊಟ್ಟೆಯ ಬಿಳಿ, ಇನ್ನೊಂದರಲ್ಲಿ ಜಾವಳಿಯ ನಮ್ಮ ತೋಟದ ಹುತ್ತದ ಅಣಬೆ, ಎರಡೂ ನೇರಳೆಗೆ ತಿರುಗಿದ್ದವು. ಅಣಬೆ ಕಿತ್ತುಕೊಟ್ಟಿದ್ದ ನನ್ನ ಅತ್ತೆ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, "ಮತ್ತೆಂತ ಮಾರಾಯ್ತಿ, ನನ್ ಮಕ್ಳು ಇದ್ನೇ ತಿಂದಲ್ವ ಗಟ್ಟಿ ಆಗಿದ್ದು!" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಅಣಬೆ ಏಳುವ ಜಾಗವನ್ನು ನಮ್ಮ ಕಡೆ ಯಾರೂ ಯಾರಿಗೂ ಹೇಳುವುದಿಲ್ಲ. ಹೆತ್ತ ಮಗನಿಗೂ ಅದನ್ನು ತೋರಿಸದ ಅತ್ತೆ, ಮರುದಿನ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ಕಾಫಿ ಗಿಡಗಳ ನಡುವೆ ಹೊರಟರು. ನಾನೂ ಹಿಂದೆ ಹೆಜ್ಜೆ ಹಾಕಿದೆ. ಮಗಳು ತಿರುಗಿ ನಿಂತಳು: "ನೀನು ಬರ್ಬೇಡಮ್ಮ."