ಕಪಾಟಿನ ಮರೆಯ ಮೂಲೆಗೆ ಬಂದ ಬೆಳಕು

ಪಾಂಡವಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಜಯರಾಮಯ್ಯನವರು ಸೂಪರಿಂಟೆಂಡೆಂಟ್ ಆಗಿದ್ದರು. ಶ್ರೀರಂಗಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬಂದು ಕುರ್ಚಿಯಲ್ಲಿ ಕೂತರೆ ಸಂಜೆಯವರೆಗೆ ಏಳದ ಮನುಷ್ಯ. ಲಂಚ ಮುಟ್ಟಿದವರಲ್ಲ. ತಮ್ಮಿಂದ ಯಾರಿಗೂ ಅನ್ಯಾಯವಾಗಿಲ್ಲವೆಂದು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು.

ತೊಂಬತ್ತೇಳರ ಬೇಸಿಗೆಯಲ್ಲಿ, ಕರೆಂಟ್ ಉಳಿಸಲು ಬಲ್ಬುಗಳನ್ನೆಲ್ಲ ತೆಗೆದು ಹೊಸ ತೆಳು ಟ್ಯೂಬ್‌ಲೈಟ್ ಹಾಕಬೇಕೆಂದು ಮೇಲಿನಿಂದ ಆದೇಶ ಬಂತು. "ಇರೋ ಬಲ್ಬಿಗೇನಾಗಿದೆ?" ಎಂದು ಜಯರಾಮಯ್ಯನವರು ಗೊಣಗಿದರು. ಎಲೆಕ್ಟ್ರಿಷಿಯನ್ ತಿಮ್ಮರಾಜು ಏಣಿ ಹತ್ತಿ ಕೆಲಸ ಮುಗಿಸಿಯೇಬಿಟ್ಟ.

ಸ್ವಿಚ್ ಒತ್ತಿದಾಗ ಮೊದಲು ಕಂಡದ್ದು ಕೊಳೆ. ಕಪಾಟಿನ ಮೇಲೆ ಜೇಡರಬಲೆ, ಗೋಡೆ ತುಂಬ ಎಲೆಯಡಿಕೆ ಕಲೆ. "ಥೂ, ಇಷ್ಟ್ ವರ್ಸ ಇಂಥಾದ್ರಾಗೆ ಕುಂತಿದ್ವಾ ನಾವು!" ಎಂದು ಅಟೆಂಡರ್ ದೇವಯ್ಯ ಪೊರಕೆ ಹಿಡಿದ. ಮಧ್ಯಾಹ್ನವಾದರೆ ಕಣ್ಣುಜ್ಜಿಕೊಳ್ಳುತ್ತಿದ್ದ ಗುಮಾಸ್ತರು ಉಜ್ಜಿಕೊಳ್ಳುವುದನ್ನು ಬಿಟ್ಟರು. ಜಯರಾಮಯ್ಯನವರ ಸಂಜೆಯ ತಲೆನೋವೂ ನಿಂತಿತು.

ಹಾಗೆಯೇ ಪ್ರಜ್ಞಳ ತಪ್ಪುಗಳೂ ನಿಂತವು. ಅವಳು ಹೊಸ ಟೈಪಿಸ್ಟ್. ಕಪಾಟಿನ ಮರೆಯಲ್ಲಿ, ಕಿಟಕಿಯಿಲ್ಲದ ಮೂಲೆಯಲ್ಲಿ ಅವಳ ಮೇಜು. ಸರ್ವೆ ನಂಬರಿನಲ್ಲಿ ಮೂರಿದ್ದರೆ ಎಂಟು, ಎಂಟಿದ್ದರೆ ಮೂರು ಹೊಡೆಯುತ್ತಿದ್ದಳು. "ಹೊಸಬಳು, ಕಲೀತಾಳೆ" ಎಂದು ಜಯರಾಮಯ್ಯನವರು ತಾಳ್ಮೆಯಿಂದ ತಿದ್ದಿಸುತ್ತಿದ್ದರು. ಈಗ ಹಾಳೆಗಳೆಲ್ಲ ಸರಿಯಾಗಿಯೇ ಬರತೊಡಗಿದವು.

"ಏನಮ್ಮಾ, ಕೈ ಪಳಗಿತಾ?"

"ಕೈಗೇನಾಗಿತ್ತು ಸಾರ್? ಈಗ ಕಾಣಿಸುತ್ತೆ, ಅಷ್ಟೇ."

"ಮೊದಲೇ ಹೇಳಬಾರದಿತ್ತೇ?"

ಪ್ರಜ್ಞ ತಲೆ ತಗ್ಗಿಸಿದಳು. "ನನಗಿಂತ ಮುಂಚೆ ಇದ್ದೋರು ಹೇಳಿದ್ರಂತಲ್ಲ ಸಾರ್. ಅವರಿಗೇನಾಯ್ತು ಅಂತ ಗೊತ್ತಿತ್ತು. ಅದಕ್ಕೇ ಸುಮ್ಮನಿದ್ದೆ."

ಜಯರಾಮಯ್ಯನವರು ಆ ಮೂಲೆಯ ಕಡೆ ತಿರುಗಿ ನೋಡಿದರು.

ಮುಂಚೆ ಇದ್ದವಳು ಕಿರಂಗೂರಿನ ಪುಟ್ಟಲಕ್ಷ್ಮಮ್ಮ. ಬೆಳಗ್ಗೆ ಹಸು ಕರೆದು, ಡೈರಿಗೆ ಹಾಲು ಹಾಕಿ ಕೆಲಸಕ್ಕೆ ಬರುತ್ತಿದ್ದ ಒಕ್ಕಲಿನವರ ಹೆಣ್ಣುಮಗಳು. ಆಕೆಯೂ ಹೀಗೇ ಒಂದು ಸರ್ವೆ ನಂಬರು ತಪ್ಪು ಹೊಡೆದು, ರೈತನೊಬ್ಬ ಬಹಳ ದಿನ ಕಚೇರಿಗೆ ಅಲೆದಿದ್ದ. "ಬೆಳಕು ಸಾಲ್ದು ಸಾರ್, ಅಕ್ಸರ ಕಾಣಾಕಿಲ್ಲ" ಎಂದು ಆಕೆ ಹೇಳಿದಾಗ ಜಯರಾಮಯ್ಯನವರು ಎಲ್ಲರೆದುರು ಅಂದಿದ್ದರು: "ಸಾಲದ್ದು ಬೆಳಕಲ್ಲಮ್ಮ, ಬುದ್ಧಿ. ಸಗಣಿ ಬಾಚೋ ಕೈಗೆ ಟೈಪ್‌ರೈಟರ್ ಕೊಟ್ಟರೆ ಇನ್ನೇನಾಗುತ್ತೆ?" ಕಚೇರಿ ಗೊಳ್ಳೆಂದಿತ್ತು. ಆಮೇಲೆ ಸಾಹೇಬರ ಕಿವಿಗೆ ಹಾಕಿ ಆಕೆಯನ್ನು ನಾಗಮಂಗಲಕ್ಕೆ ವರ್ಗ ಮಾಡಿಸಿದ್ದೂ ಅವರೇ. ಒಂದು ಸಲವಾದರೂ ಆ ಮೂಲೆಯಲ್ಲಿ ಕೂತು ನೋಡಿರಲಿಲ್ಲ.

ಅದೇ ತಪ್ಪಿಗೆ ಪ್ರಜ್ಞಳಿಗೆ ತಾಳ್ಮೆ, ಆಕೆಗೆ ಸಗಣಿಯ ಮಾತು. ಪ್ರಜ್ಞ ತಮ್ಮದೇ ಬೀದಿಯವರ ಮಗಳು ಎಂಬುದು ನೆನಪಾಗಿ ಅವರಿಗೆ ಇನ್ನಷ್ಟು ನಾಚಿಕೆಯಾಯಿತು. ರಾತ್ರಿ ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟರು. "ಮೈಗೆ ಹುಷಾರಿಲ್ವೇ?" ಎಂದು ಹೆಂಡತಿ ಕಮಲ ಕೇಳಿದರೆ, ಎದ್ದು ಕೈತೊಳೆದರು.

ರಜೆ ಹಾಕಿ ನಾಗಮಂಗಲಕ್ಕೆ ಹೋದರು. ಅಲ್ಲಿನ ಕಚೇರಿಯ ಕಿಟಕಿ ಪಕ್ಕದಲ್ಲಿ ಟೈಪ್ ಮಾಡುತ್ತಿದ್ದ ಪುಟ್ಟಲಕ್ಷ್ಮಮ್ಮ ಅವರನ್ನು ಕಂಡು ಗಡಬಡಿಸಿ ಎದ್ದು ನಿಂತಳು. ಹೊರಗೆ ಜಗಲಿಗೆ ಕರೆದು ಹೇಳಿದರು: "ತಪ್ಪು ನಿಮ್ಮದಲ್ಲಮ್ಮ. ಅಲ್ಲಿ ಬೆಳಕೇ ಇರಲಿಲ್ಲ."

"ನಾನು ಅವತ್ತೇ ಅಂದಿದ್ನಲ್ಲ ಸಾರ್."

ಏನಾದರೂ ಮಾತಾಡಬೇಕಲ್ಲ ಎಂದು, "ಹಸುಗಳು ಚೆನ್ನಾಗಿವೆಯಾ?" ಎಂದರು.

"ಮಾರ್ಬುಟ್ಟೆ. ಮೊದಲ್ನೇ ಬಸ್ಸಿಗೇ ಓಡ್ಬೇಕು, ಆಲು ಕರ್ಯೋರ್ ಯಾರು?"

ಅವರು ಕೈಮುಗಿದರು. "ಮತ್ತೆ ಪಾಂಡವಪುರಕ್ಕೇ ಹಾಕಿಸ್ತೀನಿ. ಮನಸ್ಸಿನಲ್ಲಿ ಇಟ್ಕೋಬೇಡಿ."

"ಯಾರೂ ಇಲ್ದಾಗ ಕೈ ಮುಗುದ್ರೆ ಏನ್ ಬಂತು ಸಾರ್? ಅಂದಿದ್ದು ಎಲ್ರ ಮುಂದೆ. ಇದ್ನೂ ಅಲ್ಲೇ ಯೋಳಿ."

ಮರುದಿನ ಪಾಂಡವಪುರದ ಕಚೇರಿಯಲ್ಲಿ ಎಲ್ಲರೂ ಬಂದು ಕೂತ ಮೇಲೆ ಜಯರಾಮಯ್ಯನವರು ಎದ್ದು ನಿಂತರು. ತಾವು ಅಂದದ್ದನ್ನು, ಮಾಡಿಸಿದ್ದನ್ನು ಮುಚ್ಚಿಡದೆ ಹೇಳಿದರು. ಅಂದು ನಕ್ಕವರೆಲ್ಲ ಫೈಲಿನಲ್ಲಿ ಮುಖ ಹುದುಗಿಸಿದರು.

ಅವಳನ್ನು ವಾಪಸು ಕರೆಸಿಕೊಳ್ಳಿ ಎಂದು ಕೇಳಿದಾಗ ಸಾಹೇಬರು ಬೈದರು. "ಅವತ್ತು ಕಳಿಸಿ ಅಂದಿರಿ, ಇವತ್ತು ಕರೆಸಿ ಅಂತೀರಿ. ವರ್ಗ ಅಂದ್ರೆ ಆಟವೇನ್ರೀ?" ತಲೆತಗ್ಗಿಸಿ ಬೈಗುಳ ತಿಂದು ಬಂದು, ಮತ್ತೆ ಮತ್ತೆ ಹೋಗಿ ಕೇಳಿದರು. ಕೊನೆಗೆ ಮುಂದಿನ ಯುಗಾದಿ ಕಳೆದ ಮೇಲೆ ಪುಟ್ಟಲಕ್ಷ್ಮಮ್ಮ ವಾಪಸು ಬಂದಳು.

ಜಯರಾಮಯ್ಯನವರ ಮುಂದೆ ಅವಳು ಬಿಗುಮಾನದಿಂದ ಇರಲಿಲ್ಲ, ಸಲಿಗೆಯಿಂದಲೂ ಇರಲಿಲ್ಲ; ಕೆಲಸದ ಮಾತಷ್ಟೇ ಆಡುತ್ತಿದ್ದಳು. ಅವಳು ತಂದಿಟ್ಟ ಹಾಳೆಗಳಿಗೆ ಜಯರಾಮಯ್ಯನವರು ಓದಿ ನೋಡದೆಯೇ ಸಹಿ ಹಾಕಲು ಹೋದರೆ, "ಓದಿ ಸಾರ್" ಎನ್ನುತ್ತಿದ್ದಳು. ರಿಟೈರ್ ಆಗುವವರೆಗೂ ಅವರು ಒಂದೊಂದು ಸಾಲನ್ನೂ ಓದಿದರು.