ಎರಡು ಸಲ ತೆಗೆದ ರಕ್ತ

ಮಿರಜದ ಲ್ಯಾಬಿನಲ್ಲಿ ಹನ್ನೆರಡು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. ಮುಖ ನೋಡಿದರೆ ಸಾಕು, ರೋಗ ಗೊತ್ತಾಗುತ್ತದೆ ಎಂಬ ಸೊಕ್ಕು ನನಗಿತ್ತು.

ಸಲಗರೆಯಿಂದ ತಂದೆ, ಮಗ ಬಂದರು. ತಂದೆ ಅರವತ್ತು ದಾಟಿದ ಕುರಿಗಾರ. ಮಗನಿಗೆ ಇಪ್ಪತ್ನಾಲ್ಕು, ಸಾಂಗಲಿಯ ಗೋದಾಮೊಂದರಲ್ಲಿ ವಾಚ್‌ಮನ್. ಸುಸ್ತು ಎನ್ನುತ್ತಿದ್ದವನು ಮಗ. ಬಂದದ್ದು ಬಂದೀರಿ ಎಂದು ಇಬ್ಬರ ರಕ್ತವನ್ನೂ ತೆಗೆದೆ.

ಒಂದು ರಿಪೋರ್ಟಿನಲ್ಲಿ ಸಕ್ಕರೆ ವಿಪರೀತ ಇತ್ತು. ಹೆಸರು ಮಗನದು. ಇದು ಮುದುಕನದೇ ಇರಬೇಕು, ಟ್ಯೂಬು ಅದಲು ಬದಲಾಗಿದೆ ಎಂದುಕೊಂಡು ಮರುದಿನ ಇಬ್ಬರನ್ನೂ ಕರೆಸಿ ಮತ್ತೆ ಸೂಜಿ ಚುಚ್ಚಿದೆ. ಮತ್ತೆ ಅದೇ ಬಂತು.

"ಸಕ್ರಿ ನಿಮಗಲ್ರಿ ಕಾಕಾ, ನಿಮ್ಮ ಮಗಗ," ಎಂದೆ. "ದಿನಾ ನಡದಾಡಿದ್ರ ಮೈಯಾಗಿನ ಸಕ್ರಿ ಖರ್ಚಾಗತೈತಿ. ಕುಂತಲ್ಲೇ ಕುಂತ್ರ ರಕ್ತದಾಗ ಉಳೀತೈತಿ. ತಮ್ಮಾ, ನೀ ದಿನಾ ಒಂದು ತಾಸು ನಡಿ."

"ಕುರ್ಚಿ ಬಿಟ್ಟು ಎದ್ರ ಸಾಹೇಬ್ರು ಕ್ಯಾಮೆರಾದಾಗ ನೋಡಿ ಬೈತಾರ್ರಿ," ಅಂದ ಮಗ. "ಹನ್ನೆರಡು ತಾಸು ಕುಂದ್ರೂದ ನನ್ನ ಕೆಲಸ."

ತಂದೆ ತನ್ನ ಒಡೆದ ಹಿಮ್ಮಡಿ ನೋಡಿಕೊಂಡ.

"ಕುರಿ ಹಿಂದ ಅಲಿಯೂದು ನನ್ನ ತಲಿಗೇ ಸಾಕು, ಇವ ನೆರಳಾಗ ಕುಂತು ಉಣ್ಣಲಿ ಅಂತ ನಾನ ಅವರಿವರ ಕಾಲು ಹಿಡದು ಅಲ್ಲಿ ಕೆಲಸಕ್ಕ ಹಚ್ಚೇನ್ರಿ."

ರೂಢಿಯಂತೆ "ಕುಂದ್ರಿ" ಎಂದೆ. ತಂದೆ ಕುಳಿತ. ಮಗ ಗೋಡೆ ಹಿಡಿದು ನಿಂತೇ ಇದ್ದ. ನಡಿ ಎಂದು ಬುದ್ಧಿ ಹೇಳಿದ ನಾನು ಮಾತ್ರ ಅಷ್ಟು ಹೊತ್ತೂ ಕುರ್ಚಿ ಬಿಟ್ಟು ಎದ್ದಿರಲಿಲ್ಲ.