ಕೋಟು ತೊಟ್ಟು ರೂಮ್ ಕೇಳಿದ ಬಟನ್

“ಲಾಡ್ಜಿಗೆ ಫೋನ್ ಮಾಡಿ ರೂಮ್ ಇದ್ಯಾ ಅಂದ್ರೆ ಬೆಣ್ಣೆ ಸವರಿದ ಹಾಗೆ ಮಾತಾಡ್ತಾರೆ. ಎಷ್ಟು ಜನ ಅಂತಾರೆ. ನಾನೊಬ್ಬಳೇ, ಜೊತೆಗೊಂದು ನಾಯಿ ಅನ್ನು, ಆ ಕಡೆಯಿಂದ ಒಂದು ಕೆಮ್ಮು. ಆಮೇಲೆ ಅಷ್ಟು ಹೊತ್ತು ಖಾಲಿ ಇದ್ದ ರೂಮೆಲ್ಲಾ ಒಂದೇ ಏಟಿಗೆ ಭರ್ತಿ. ಒಬ್ಬ ಮಾತ್ರ ನಿಧಾನಸ್ಥ, ನಾಯಿ ದೊಡ್ಡದಾ ಚಿಕ್ಕದಾ ಅಂದ. ನಂಗೆ ಹೇಗೆ ಗೊತ್ತಾಗ್ಬೇಕು? ಆನೆ ಪಕ್ಕ ನಿಂತ್ರೆ ಚಿಕ್ಕದು, ಇಲಿ ಪಕ್ಕ ನಿಂತ್ರೆ ದೊಡ್ಡದು. ಇರಿ ಅಂದು ಟೇಪ್ ತಗೊಂಡು ಅಳೆದೆ. ಎದೆ ಇಷ್ಟು, ಬೆನ್ನುದ್ದ ಇಷ್ಟು, ಕುತ್ತಿಗೆ ಇಷ್ಟು ಅಂತ ಹೇಳ್ದೆ. ಆ ಪುಣ್ಯಾತ್ಮ, ‘ಅಮ್ಮಾ, ನಾವು ಅಂಗಿ ಹೊಲಿಯಲ್ಲ’ ಅಂದು ಫೋನಿಟ್ಟ.”

ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಟೈಲರಮ್ಮ ಇದನ್ನು ಹೇಳುವಾಗ ಕೈ ಮಾತ್ರ ನಿಲ್ಲುವುದಿಲ್ಲ. ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಲೇ ಹೇಳುತ್ತಾಳೆ. ಬಟನ್ ಎಂಬ ಕಂದು ನಾಯಿ ಮಿಷನ್ನಿನ ಕೆಳಗೆ, ಅವಳ ಪಾದಕ್ಕೆ ಬೆನ್ನು ತಾಗಿಸಿ ಮಲಗಿರುತ್ತದೆ. ಮರಿಯಾಗಿದ್ದಾಗಿನಿಂದ ಅದರ ಜಾಗ ಅದೇ.

ಅವಳಿಗೆ ರೂಮ್ ಬೇಕಾಗಿದ್ದುದು ಅಕ್ಕನಿಗಾಗಿ. ದೂರದ ಊರಿನಲ್ಲಿದ್ದ ಅಕ್ಕನಿಗೆ ಕಣ್ಣಿನ ಆಪರೇಷನ್ ನಿಗದಿಯಾಗಿತ್ತು. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಆಕೆ. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ. ಈಗ ಕೇಳಿದ್ದಳು: “ಪಟ್ಟಿ ಬಿಚ್ಚುವಾಗ ಎದುರಿಗೆ ನೀನಿರ್ಬೇಕು ಕಣೇ.” ಅಕ್ಕನ ಮನೆಯ ಮಾಲೀಕರು ನಾಯಿಯನ್ನು ಗೇಟಿನೊಳಗೆ ಬಿಡುವುದಿಲ್ಲ. ಬಟನ್ನನ್ನು ಬಿಟ್ಟು ಹೋಗೋಣವೆಂದರೆ, ಹಿಂದೊಮ್ಮೆ ಪಕ್ಕದ ಮನೆಯಲ್ಲಿ ಬಿಟ್ಟಾಗ ಅದು ಅನ್ನ ಮುಟ್ಟದೆ ಅಂಗಡಿಯ ಬಾಗಿಲನ್ನೇ ನೋಡುತ್ತಾ ಸೊರಗಿತ್ತು.

ಕೊನೆಗೆ ಆಸ್ಪತ್ರೆಯ ಹತ್ತಿರದ ಲಾಡ್ಜೊಂದರ ಒಡತಿ, ಕರೆದುಕೊಂಡು ಬನ್ನಿ, ನಾಯಿಯನ್ನು ನೋಡಿ ಹೇಳುತ್ತೇನೆ ಅಂದಳು. ಟೈಲರಮ್ಮನಿಗೆ ಅಷ್ಟೇ ಸಾಕಾಯಿತು. ನೋಡುವವರ ಮುಂದೆ ಹೇಗೆ ಹೇಗೋ ನಿಲ್ಲಿಸುವುದುಂಟೇ? ಪ್ಯಾಂಟು ಹೊಲಿದು ಉಳಿದ ಒಳ್ಳೆಯ ಬಟ್ಟೆಯಲ್ಲಿ ಬಟನ್ನಿಗೆ ಕೋಟು ಹೊಲಿದಳು. ಕಾಲರು, ಒಳಗೆ ಅಸ್ತರು, ಹೊಟ್ಟೆಯ ಕೆಳಗೆ ಸಾಲಾಗಿ ಗುಂಡಿ. ಕುತ್ತಿಗೆಯಿಂದ ಬಾಲದವರೆಗೆ ಒಂದು ಕೂದಲೂ ಕಾಣದ ಹಾಗೆ.

ಅವಳಿಗೆ ಬಟ್ಟೆ ಪೂರೈಸುವ ವ್ಯಾಪಾರಿ ತನ್ನ ವ್ಯಾನಿನಲ್ಲಿ ಅವಳನ್ನೂ ಬಟನ್ನನ್ನೂ ಅಕ್ಕನ ಊರಿಗೆ ಕರೆತಂದ. ಮಾಲು ಇಳಿಸಿ ಸಂಜೆಗೆ ವಾಪಸು ಹೊರಡುವವನು. ಅಷ್ಟರೊಳಗೆ ರೂಮ್ ಸಿಗದಿದ್ದರೆ ಅವಳೂ ಅದೇ ವ್ಯಾನ್ ಹತ್ತಬೇಕು.

ಲಾಡ್ಜಿನ ಒಡತಿ ಕೋಟು ಕಂಡವಳೇ ಎರಡು ಹೆಜ್ಜೆ ಹಿಂದೆ ಸರಿದಳು. ಒಳಗೆ ಕಜ್ಜಿಯೋ ಗಾಯವೋ ಇರಬೇಕು, ಕ್ಷಮಿಸಿ ಅಂದುಬಿಟ್ಟಳು. ಎದುರಿನ ಲಾಡ್ಜಿನವನೂ ಬಗ್ಗಿ ನೋಡಿ, ಯಾವ ಕಾಯಿಲೆ ಅಂತ ಕೇಳಿದ. ಕೋಟಿನ ಹೊಲಿಗೆಯನ್ನು ಒಬ್ಬರಾದರೂ ಮೆಚ್ಚಲಿಲ್ಲವಲ್ಲ ಎಂಬ ಉರಿ ಒಂದು ಕಡೆ, ಅಕ್ಕನಿಗೆ ಏನು ಹೇಳುವುದೆಂಬ ಸಂಕಟ ಇನ್ನೊಂದು ಕಡೆ. ವ್ಯಾನಿನ ಪಕ್ಕ ಬಂದು ಮುಖ ಸಣ್ಣದು ಮಾಡಿಕೊಂಡು ನಿಂತಳು.

ವ್ಯಾಪಾರಿ ಎಲ್ಲ ಕೇಳಿ ಮೀಸೆಯಲ್ಲೇ ನಕ್ಕ. “ಅಕ್ಕಾ, ನಾನು ಸುತ್ತಿಟ್ಟ ಥಾನು ಬಿಚ್ಚಿ ತೋರಿಸದೆ ಬಟ್ಟೆ ಚೆನ್ನಾಗಿದೆ ಅಂದ್ರೆ ನೀನು ತಗೊಳ್ತೀಯಾ?”

“ನಿನ್ನ ಮಾಲನ್ನಾ? ಬಿಸಿಲಿಗೆ ಹಿಡಿದು ನೋಡದೆ ಒಂದು ತುಂಡೂ ಮುಟ್ಟಲ್ಲ.”

“ಮತ್ತೆ? ಅವರೂ ಗಿರಾಕಿಗಳೇ.”

ಟೈಲರಮ್ಮ ಬಗ್ಗಿ ಒಂದೊಂದೇ ಗುಂಡಿ ಬಿಚ್ಚಿದಳು. ಬಟನ್ ಮೈ ಕೊಡವಿತು. ಅದನ್ನು ಮೊದಲಿನ ಲಾಡ್ಜಿಗೇ ಕರೆದೊಯ್ದು ಬಾಗಿಲ ಬಿಸಿಲಿನಲ್ಲಿ ನಿಲ್ಲಿಸಿ, “ಈಗ ನೋಡೀಮ್ಮಾ” ಅಂದಳು.

ಒಡತಿ ನಾಯಿಯ ಸುತ್ತ ಒಂದು ಸುತ್ತು ಬಂದಳು. ನುಣ್ಣಗೆ ಹೊಳೆಯುವ ಮೈ. ಗಾಯವಿಲ್ಲ, ಕಲೆಯಿಲ್ಲ. “ಇಷ್ಟು ಚೆಂದದ ನಾಯೀನ ಯಾಕಮ್ಮಾ ಮೂಟೆ ಕಟ್ಟಿದ್ರಿ?” ಅಂದವಳು, ಸ್ವಲ್ಪ ಯೋಚಿಸಿ ಒಂದು ರೂಮಿದೆ ಅಂದಳು. ಹಿಂದುಗಡೆ, ನೀರಿನ ಮೋಟಾರಿಗೆ ಅಂಟಿಕೊಂಡದ್ದು. ಅದರ ಗುಂಯ್ ಎಂಬ ಸದ್ದಿಗೆ ಬೇರೆ ಯಾರೂ ಅಲ್ಲಿ ಉಳಿಯುವುದಿಲ್ಲ. ನಾಯಿ ಮಂಚ ಹತ್ತಬಾರದು, ನೆಲ ನೀವೇ ಒರೆಸಿಕೊಳ್ಳಬೇಕು. ಆಗಬಹುದೇ?

ಆಗದೆ ಏನು! ಮೋಟಾರು ಶುರುವಾದದ್ದೇ ಬಟನ್ ಕಿವಿ ನಿಮಿರಿಸಿತು. ಹೊಲಿಗೆ ಮಿಷನ್ನಿನ ಸದ್ದು ಊರು ಬಿಟ್ಟು ಊರಿಗೆ ಬಂತೆಂದುಕೊಂಡಿತೋ ಏನೋ, ಗೋಡೆಗೆ ಬೆನ್ನು ಕೊಟ್ಟು ಮಲಗಿತು. ಇಟ್ಟ ಅನ್ನವನ್ನೆಲ್ಲ ತಿಂದಿತು. ಟೈಲರಮ್ಮ ಆಸ್ಪತ್ರೆಗೆ ಹೋಗಿ ಬರುವಷ್ಟು ಹೊತ್ತೂ ಒಂದು ಸಲವೂ ಬೊಗಳಲಿಲ್ಲವೆಂದು ಒಡತಿಯೇ ಹೇಳಿದಳು.

ಪಟ್ಟಿ ಬಿಚ್ಚಿದ ದಿನ ಅಕ್ಕ ಕಣ್ಣು ಕಿರಿದು ಮಾಡಿ, ಅಗಲ ಮಾಡಿ, ತಂಗಿಯನ್ನೇ ದಿಟ್ಟಿಸಿದಳು. “ನಿಂಗೂ ಇಷ್ಟು ಕೂದಲು ಬೆಳ್ಳಗಾಯ್ತಾ? ಹೇಳಲೇ ಇಲ್ವಲ್ಲೇ,” ಅಂದು ಅವಳ ಹಣೆಯ ಮೇಲೆ ಕೈಯಾಡಿಸಿದಳು. ಇಬ್ಬರೂ ನಕ್ಕರು. “ನಗಬೇಡಿ, ಕಣ್ಣಿಗೆ ಆಯಾಸ” ಎಂದು ನರ್ಸಮ್ಮ ಗದರಿದಳು.

ಅಲ್ಲಿಂದ ಟೈಲರಮ್ಮ ನಿಧಾನವಾಗಿ ನಡೆದು ಲಾಡ್ಜಿಗೆ ಬಂದಳು. ಸೆರಗು ಸಿಕ್ಕಿಸಿ, ಬಕೆಟ್ಟಿಗೆ ನೀರು ಹಿಡಿದು, ಒರೆಸುವ ಬಟ್ಟೆ ಹಿಂಡಿ, “ಏಳಪ್ಪಾ, ಆ ಕಡೆ ಹೋಗು” ಎಂದು ಬಟನ್ನನ್ನು ಎಬ್ಬಿಸಿ, ಅದು ಮಲಗಿದ್ದ ಮೂಲೆಯಿಂದಲೇ ನೆಲ ಒರೆಸತೊಡಗಿದಳು.